ದೊರೆ ಕೊತ್ತಂಬರಿಯ ಮಡಿ

ನಮ್ಮ ಅತ್ತೆ ಬೆಳ್ಳಿ ಕಡಗವನ್ನು ಮೊಳಕೈಯಿಂದ ಮೇಲಕ್ಕೆ ತಳ್ಳಿದರೆಂದರೆ ತಿಪ್ಪೆಯೊಳಕ್ಕೆ ಕೈ ಹಾಕುತ್ತಾರೆ ಎಂದೇ ಅರ್ಥ. ಬಗ್ಗಿ, ಅರ್ಧ ತೋಳನ್ನು ಗೊಬ್ಬರದಲ್ಲಿ ತೂರಿಸಿ, ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು. ಚಳಿಗಾಲದ ಬೆಳಗಿನಲ್ಲಿ ಆ ಕೈ ಹೊರಕ್ಕೆ ಬಂದಾಗ ಅದರಿಂದ ಹಬೆ ಏಳುತ್ತಿತ್ತು. "ಇನ್ನೂ ಜ್ವರ ಬಿಟ್ಟಿಲ್ಲ" ಅನ್ನುತ್ತಿದ್ದರು. ಜ್ವರ ಬಿಟ್ಟ ಗೊಬ್ಬರವೇ ಹೊಲಕ್ಕೆ ಹೋಗಬೇಕು. ಆಮೇಲೆ ಅದೇ ಕೈಯನ್ನು ಬಾವಿಯ ಕಾಲುವೆಯಲ್ಲಿ ಅದ್ದಿ, ಸೆರಗಿಗೆ ಒರೆಸಿಕೊಂಡು, ಮುದ್ದೆ ಕಟ್ಟುವುದಕ್ಕೆ ಬರುತ್ತಿದ್ದರು. ಮದುವೆಯಾದ ಹೊಸದರಲ್ಲಿ ಆ ಮುದ್ದೆ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಸಿವು ಎಲ್ಲವನ್ನೂ ಕಲಿಸುತ್ತದೆ, ಅದನ್ನೂ ಕಲಿಸಿತು.

ಅವರ ತವರು ಶ್ರೀನಿವಾಸಪುರದಾಚೆಯ ರಾಯಲ್ಪಾಡು. ಸೇರಿದ ಮನೆ ವಕ್ಕಲೇರಿ ಕಡೆಯ ನಮ್ಮೂರು. ಮನುಷ್ಯರ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಮಣ್ಣಿನ ಜೊತೆ, ದನದ ಜೊತೆ ತೆಲುಗಿನಲ್ಲಿ. ನಾನು ಮುಳಬಾಗಿಲಿನ ದೇವರಾಯಸಮುದ್ರದವಳು, ನನಗೂ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ಹಾಗಾಗಿ ಅವರು ಎಮ್ಮೆಗೆ ಬೈಯುವಾಗ ಅದರಲ್ಲಿ ನನ್ನ ಪಾಲು ಎಷ್ಟು ಅನ್ನುವುದು ಸರಿಯಾಗಿ ತಿಳಿಯುತ್ತಿತ್ತು.

ಆ ಮನೆಯಿಂದ ಒಂದು ತೊಟ್ಟು ನೀರು ಸುಮ್ಮನೆ ಹೊರಕ್ಕೆ ಹೋಗುವ ಹಾಗಿರಲಿಲ್ಲ. ಹಬ್ಬದ ದಿನ ಅಕ್ಕಿ ತೊಳೆದ ನೀರು ಮಲ್ಲಿಗೆ ಬಳ್ಳಿಗೆ. ಬಾಡು ತೊಳೆದ ನೀರು ನಿಂಬೆ ಗಿಡಕ್ಕೆ. ಹುಳಿ ಮಜ್ಜಿಗೆ ಕರಿಬೇವಿಗೆ, ಘಮ ಬರಲಿ ಅಂತ. ಮಂಗಳವಾರ, ಶುಕ್ರವಾರ ತಿಪ್ಪೆಯಿಂದ ಒಂದು ಮಂಕರಿ ಗೊಬ್ಬರವನ್ನೂ ಯಾರಿಗೂ ಕೊಡುತ್ತಿರಲಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳಂತೆ. ನಾನು ಒಂದು ಸಲ ಮರೆತು ಮಜ್ಜಿಗೆ ಪಾತ್ರೆ ತೊಳೆದ ನೀರನ್ನು ಬೀದಿಗೆ ಚೆಲ್ಲಿದ್ದಕ್ಕೆ ಎಮ್ಮೆಗೆ ಎರಡು ದಿನ ಬೈಗುಳ ಬಿತ್ತು. "ಬಾಯಿ ಇರೋರು ಕೇಳ್ಕೊಂಡು ತಿಂತಾರೆ. ಬಾಯಿ ಇಲ್ದಿರೋದು ಏನ್ ಮಾಡ್ತದೆ? ನಾವೇ ಕೇಳ್ಬೇಕು" ಅನ್ನುವುದು ಅವರ ದೊಡ್ಡ ಮಾತು. ನನಗೂ ಬಾಯಿ ಇತ್ತು, ಆದರೆ ಆ ಮನೆಯಲ್ಲಿ ನಾನು ಕೇಳಿಕೊಂಡು ತಿಂದಿದ್ದು ಕಡಿಮೆಯೇ.

ಯುದ್ಧ ಶುರುವಾದ ಮೇಲೆ ಒಂದು ದಿನ ನಮ್ಮ ಯಜಮಾನರು ಎತ್ತು ನೋಡಿಕೊಂಡು ಬರುತ್ತೇನೆಂದು ಬೆಂಗಳೂರಿಗೆ ಹೋದವರು ಮಿಲಿಟರಿಗೆ ಸೇರಿಕೊಂಡು ಬಂದರು. ಎತ್ತೂ ಇಲ್ಲ, ಏನೂ ಇಲ್ಲ. ಯಾಕೆ ಸೇರಿದರು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕೇಳಿದರೆ, "ಎಲ್ರೂ ಸಾಲಾಗಿ ನಿಂತಿದ್ರು, ನಾನೂ ನಿಂತ್ಕೊಂಡೆ" ಅನ್ನುತ್ತಿದ್ದರು. ಆಮೇಲೆ ಅವರು ಎಲ್ಲಿದ್ದಾರೆ ಅನ್ನುವುದೇ ತಿಳಿಯಲಿಲ್ಲ. ಬರ್ಮಾ ಕಡೆ ಅಂತ ಊರಲ್ಲಿ ಒಬ್ಬರು, ಮರಳುಗಾಡಿನ ಕಡೆ ಅಂತ ಇನ್ನೊಬ್ಬರು. ನಮಗೆ ಎರಡೂ ಒಂದೇ, ಎರಡನ್ನೂ ನಾವು ಕಂಡವರಲ್ಲ. ಮಗ ಹೋದ ದಿನದಿಂದ ಅತ್ತೆ ಅವನ ಹೆಸರೆತ್ತಲಿಲ್ಲ. ನಾನಂತೂ ಗಂಡನ ಹೆಸರು ಹೇಳುವಂತೆಯೇ ಇರಲಿಲ್ಲ. ಹೀಗೆ ಹೆಸರೇ ಇಲ್ಲದ ಒಬ್ಬ ಮನುಷ್ಯನಿಗಾಗಿ ನಾವಿಬ್ಬರು ಹೆಂಗಸರು ಕಾಯುತ್ತಿದ್ದೆವು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ.

ಆಗ ಬೆಂಗಳೂರು ದಂಡಿನ ಮಿಲಿಟರಿಯವರಿಗೆ ನಮ್ಮ ಕಡೆಯಿಂದ ತರಕಾರಿ ಹೋಗುತ್ತಿತ್ತು. ಕೋಸು, ಗಜ್ಜರಿ, ಬೀಟ್‌ರೂಟು, ಎಲ್ಲವೂ ಮಾಲೂರು ಸ್ಟೇಷನ್ನಿನಲ್ಲಿ ರೈಲು ಹತ್ತುತ್ತಿದ್ದವು. ಬೇಸಾಯವೆಲ್ಲ ನಮ್ಮ ಭಾವನವರ ಕೈಯಲ್ಲಿತ್ತು, ಅಂದರೆ ಅತ್ತೆಯ ದೊಡ್ಡ ಮಗ. ಒಂದು ಸಲ ಕಂಟ್ರಾಕ್ಟರ್ ಕಡೆಯ ಮೇಸ್ತ್ರಿ ಬಂದು ಸಣ್ಣ ಪೊಟ್ಟಣವೊಂದನ್ನು ಜಗುಲಿಯ ಮೇಲಿಟ್ಟ. ಒಳಗೆ ಓಮದ ಕಾಳಿನಂಥ ಬೀಜ. ಪಾರ್ಸ್ಲಿ ಅಂತ ಹೇಳಿದ. ಕೊತ್ತಂಬರಿ ಜಾತಿಯದು, ದೊರೆಗಳು ತಿನ್ನುವುದು ಅಂತಲೂ ಹೇಳಿದ. ಅವತ್ತಿನಿಂದ ನಮ್ಮೂರಲ್ಲಿ ಅದು ದೊರೆ ಕೊತ್ತಂಬರಿ ಆಯಿತು.

ಭಾವ ಬೇಡವೆಂದರು. ಕಂಡರಿಯದ ಸೊಪ್ಪಿಗೆ ಜಾಗ ಕೊಡುವ ಬದಲು ಬಾವಿ ಮಗ್ಗುಲ ಮಡಿಯಲ್ಲೂ ಆಲೂಗೆಡ್ಡೆ ಇಡುತ್ತೇನೆಂದರು. ಬಾಗಿಲ ಹಿಂದೆ ನಿಂತಿದ್ದ ಅತ್ತೆ ಮೇಸ್ತ್ರಿಯನ್ನು ಎರಡೇ ಪ್ರಶ್ನೆ ಕೇಳಿದರು.

"ಇದು ಯಾರಿಗೆ ಹೋಗ್ತದಪ್ಪ?"

"ಮಿಲ್ಟ್ರಿಯೋರಿಗೆ ಅಜ್ಜಿ."

"ಹೆಂಗ್ ತಿಂತಾರೆ?"

"ಅದ್ ನಂಗೂ ಸರಿಯಾಗ್ ಗೊತ್ತಿಲ್ಲ. ಮಾಂಸದ್ ಮೇಲೆ ಉದುರಿಸ್ಕೊಂಡು ತಿಂತಾರಂತೆ."

ಅತ್ತೆ ಹೊರಗೆ ಬಂದು ಪೊಟ್ಟಣವನ್ನು ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಬಾವಿ ಮಗ್ಗುಲ ಮಡಿ ನಂದು" ಅಂದರು. ಭಾವ, "ದೀಪಾವಳಿವರ್ಗೂ ನೋಡ್ತೀನಮ್ಮ. ಅಷ್ಟರೊಳ್ಗೆ ಹುಟ್ಟಲಿಲ್ಲ ಅಂದ್ರೆ ಉತ್ತು ಆಲೂಗೆಡ್ಡೆ ಇಡೋದೇ" ಎಂದು ಎದ್ದು ಹೋದರು.

ಮೇಸ್ತ್ರಿ ಹೋಗುವ ಮುಂಚೆ ಮಣ್ಣು ಹಿಟ್ಟಿನ ಹಾಗಿರಬೇಕು, ಗೊಬ್ಬರ ಹಳೆಯದಾಗಿರಬೇಕು, ತೇವ ಆರಬಾರದು ಎಂದು ಏನೇನೋ ಹೇಳಿದ. ಅವನೂ ಯಾರೋ ಹೇಳಿದ್ದನ್ನು ಒಪ್ಪಿಸುತ್ತಿದ್ದ. ಅತ್ತೆಗೆ ಅಷ್ಟು ಸಾಕಾಗಲಿಲ್ಲ. ರಾಗಿಗೆ ಏನು ಬೇಕು, ಬದನೆಗೆ ಏನು ಬೇಕು ಅವರಿಗೆ ಗೊತ್ತಿತ್ತು. ಇದರ ಬಾಯಿರುಚಿ ಯಾರಿಗೆ ಗೊತ್ತು? ಮಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಮಣ್ಣನ್ನು ಹಿಡಿದು ಹಿಡಿದು ಬಿಡುತ್ತಾ, "ಏಂ ತಿಂಟಾವೇ ತಲ್ಲೀ?" ಎಂದು ಕೇಳುತ್ತಿದ್ದರು. ಏನು ತಿನ್ನುತ್ತೀಯೇ ತಾಯಿ ಅಂತ. ಮಣ್ಣು ಉತ್ತರ ಕೊಡಲಿಲ್ಲವಾದ್ದರಿಂದ ತಮಗೆ ಗೊತ್ತಿದ್ದದ್ದನ್ನೆಲ್ಲ ಉಣಿಸಿದರು.

ಮೊದಲು ಬೇಸಿಗೆಯಲ್ಲಿ ಕೆರೆಯಿಂದ ಹೊಡೆಸಿಟ್ಟಿದ್ದ ಗೋಡು ಮಣ್ಣು ಬಂತು. ನಮ್ಮ ಕೆಂಪು ಮಣ್ಣಿಗೆ ಆ ಕರಿ ಗೋಡು ಬೆರೆಸಿ, ಹೆಂಟೆಯನ್ನೆಲ್ಲ ಕೊಡತಿಯಲ್ಲಿ ಒಡೆಸಿದರು. ಒಡೆದದ್ದು ನಾನು. ಆಮೇಲೆ ಕುರಿಯವರನ್ನು ಕರೆದು, ಹಿಕ್ಕೆ ಗಂಜಲ ಬೀಳಲೆಂದು ರಾತ್ರಿ ಮಂದೆ ನಿಲ್ಲಿಸಿದರು. ಅಂಗೈಯಗಲ ಜಾಗಕ್ಕೆ ಮಂದೆ ನಿಲ್ಲಿಸುವವರುಂಟೇ? ಕುರಿಗಳು ಒಂದರ ಮೇಲೊಂದು ಬಿದ್ದು ರಾತ್ರಿಯೆಲ್ಲ ಅರಚಿದವೆಂದು ಕುರಿಯವನು ಬೆಳಗ್ಗೆ ಗೊಣಗಿದ. ಅದರ ಮೇಲೆ ಹೊಂಗೆ ಸೊಪ್ಪು ತುಳಿಸಿ ಕೊಳೆಹಾಕಿದ್ದಾಯಿತು. ತಿಪ್ಪೆಯ ತಳದಲ್ಲಿದ್ದ, ಮುಟ್ಟಿದರೆ ಪುಡಿಯಾಗುವ ಹಳೆಯ ಗೊಬ್ಬರ, ಒಲೆಯ ಬೂದಿ. ಕೊನೆಗೆ ಅಡಿಗೆಮನೆಯ ಜರಡಿಯನ್ನೇ ತಂದು ಮೇಲ್ಮಣ್ಣನ್ನು ಜರಡಿ ಹಿಡಿದರು. ಅವತ್ತಿನ ರಾಗಿಹಿಟ್ಟನ್ನು ನಾನು ಪಂಚೆಯ ತುಂಡಿನಲ್ಲಿ ಸೋಸಿದೆ. ಅಂಥ ಮಣ್ಣನ್ನು ಮತ್ತೆ ನಾನು ನೋಡಿಲ್ಲ. ಕೈ ಇಟ್ಟರೆ ಕೈ ತನಗೆ ತಾನೇ ಒಳಕ್ಕೆ ಹೋಗುತ್ತಿತ್ತು.

ಇಷ್ಟೆಲ್ಲ ಮಾಡಿ, ಬಿತ್ತುವ ದಿನ ಎಡವಿದರು. ನಮ್ಮಲ್ಲಿ ಕೊತ್ತಂಬರಿ ಬೀಜವನ್ನು ಹಾಗೇ ಬಿತ್ತುವುದಿಲ್ಲ. ನೆಲದ ಮೇಲೆ ಹರಡಿ, ಹಳೆಯ ಎಕ್ಕಡದಲ್ಲಿ ಉಜ್ಜಿ, ಎರಡು ಬೇಳೆ ಮಾಡಿ ಬಿತ್ತುವುದು. ದೊರೆಯದಾದರೂ ಕೊತ್ತಂಬರಿಯೇ ತಾನೆ? ಸತ್ತ ಮಾವನವರ ಎಕ್ಕಡ ತೆಗೆದುಕೊಂಡು ಅತ್ತೆ ಉಜ್ಜಿದರು. ಎಕ್ಕಡ ಎತ್ತಿ ನೋಡಿದರೆ ಅರ್ಧ ಬೀಜ ನುಚ್ಚಾಗಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ನುಚ್ಚನ್ನೂ ಸೇರಿಸಿಯೇ ಬಿತ್ತಿ, ಪೊಟ್ಟಣದಲ್ಲಿ ಮಿಕ್ಕಿದ್ದ ಚಿಟಿಕೆ ಬೀಜವನ್ನು ಅತ್ತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಕೊತ್ತಂಬರಿ ವಾರ, ಹೆಚ್ಚೆಂದರೆ ಹತ್ತು ದಿನಕ್ಕೆ ತಲೆ ಎತ್ತುತ್ತದೆ. ಇದು ಎತ್ತಲಿಲ್ಲ. ಅತ್ತೆ ಬೆಳಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಮಡಿಗೆ ಹೋಗಿಬರುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ, ಅವರು ನನ್ನ ಮುಖ ನೋಡುತ್ತಿರಲಿಲ್ಲ. ಗೊಬ್ಬರ ಕಾವು ಹೆಚ್ಚಾಗಿ ಬೀಜ ಬೆಂದಿದೆ ಅಂದರು, ಮಾರನೇ ದಿನ ತಂಪು ಹೆಚ್ಚಾಗಿ ಕೊಳೆತಿದೆ ಅಂದರು. ನೀರು ನಿಲ್ಲಿಸಿದರು, ಮತ್ತೆ ಬಿಟ್ಟರು. ಒಂದು ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ಹೋದರೆ ಮಡಿಯ ಮೇಲ್ಮಣ್ಣನ್ನೆಲ್ಲ ಕೆರೆದು ಮಂಕರಿಗೆ ತುಂಬುತ್ತಿದ್ದರು.

"ಯಾಕತ್ತೆ ತೆಗೀತಿದೀರ?"

"ನಂಗೊತ್ತಿಲ್ಲ ಕಣೇ."

ಆ ಹೆಂಗಸಿನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ನಾನೂ ಒಂದು ಮಂಕರಿ ಹೊತ್ತೆ. ಕೆರೆದ ಮಣ್ಣನ್ನು ತಿಪ್ಪೆಯ ಅಂಚಿನಲ್ಲಿ, ಕರಿಬೇವಿನ ಗಿಡದ ಬುಡಕ್ಕೆ ಸುರಿದೆವು. ಮಡಿಗೆ ಹೊಸ ಮಣ್ಣು ಜರಡಿ ಹಿಡಿದು ಹಾಕಿ, ಸೆರಗಿನ ಗಂಟು ಬಿಚ್ಚಿ ಮಿಕ್ಕ ಬೀಜ ಬಿತ್ತಿದರು. ಈ ಸಲ ಎಕ್ಕಡ ತರಲಿಲ್ಲ.

ಆಗಲೇ ನಾನು ಕೇಳಿಬಿಟ್ಟೆ, ಇಷ್ಟು ಒದ್ದಾಟ ಈ ಸೊಪ್ಪಿಗೆ ಯಾಕೆ ಅಂತ.

"ಯಾಕೆ ಅಂದ್ರೆ? ಮಿಲ್ಟ್ರಿಗೆ ಹೋಗೋದು ಅಂತ ಆ ಮೇಸ್ತ್ರಿ ಹೇಳ್ಲಿಲ್ವಾ?"

"ಹೇಳ್ದ."

"ಅವ್ನೆಲ್ಲಿದಾನೆ? ಮಿಲ್ಟ್ರೀಲಿ ಅಲ್ವಾ?"

ಅಷ್ಟು ದೊಡ್ಡ ಮಿಲಿಟರಿಯಲ್ಲಿ ನಮ್ಮ ಮಡಿಯ ಸೊಪ್ಪು ಹುಡುಕಿಕೊಂಡು ಹೋಗಿ ನಮ್ಮವರ ತಟ್ಟೆಗೇ ಬೀಳುತ್ತದೆಯೇ ಎಂದು ಒಂದು ಮನಸ್ಸು ನಕ್ಕಿತು. ಬಿದ್ದರೂ ಬೀಳಬಹುದಲ್ಲ ಎಂದು ಇನ್ನೊಂದು ಮನಸ್ಸು. ಯಾವುದು ನಿಜ ಎಂದು ಕೇಳುವುದಕ್ಕೆ ಯಾರೂ ಇರಲಿಲ್ಲ. ನಾನು ಕಾಲುವೆಗೆ ಹೋಗಿ ಕೊಡ ತುಂಬಿ ತಂದು ಮಡಿಗೆ ಕೈಯಿಂದ ನೀರು ಚಿಮುಕಿಸಿದೆ. ಅವತ್ತಿನಿಂದ ಮಡಿ ನೋಡುವುದಕ್ಕೆ ಬೆಳಗ್ಗೆ ಇಬ್ಬರೂ ಹೋಗುತ್ತಿದ್ದೆವು.

ದೀಪಾವಳಿ ಬಂದೇಬಿಟ್ಟಿತು. ಮಡಿ ಬೋಳಾಗಿಯೇ ಇತ್ತು. ಭಾವ ಬಿತ್ತನೆ ಗೆಡ್ಡೆ ತರಿಸಿ ಮೂಲೆಯಲ್ಲಿ ಹರಡಿದ್ದರು, ಬೆಳಗಾದರೆ ನೇಗಿಲು ಹೂಡುವವರು. ನಮ್ಮ ಕಡೆ ಆ ಹಬ್ಬದ ಸಂಜೆ ತಿಪ್ಪೆಗೂ ದೀಪ ಇಡುವ ಪದ್ಧತಿ. ಸಗಣಿಯ ಉಂಡೆಗೆ ತಂಗಡಿ ಹೂ ಸಿಕ್ಕಿಸಿ, ಅದರ ಪಕ್ಕ ಹಣತೆ ಇಟ್ಟು, ತಿಪ್ಪಮ್ಮ ಅಂತ ಕೈ ಮುಗಿಯುವುದು. ಅತ್ತೆ ಹಣತೆ ಹಿಡಿದು ಮುಂದೆ, ನಾನು ಹೂವಿನ ತಟ್ಟೆ ಹಿಡಿದು ಹಿಂದೆ. ಗಾಳಿಗೆ ಮರೆಯಾಗಲಿ ಎಂದು ಕರಿಬೇವಿನ ಬುಡದಲ್ಲಿ ಹಣತೆ ಇಡಲು ಬಗ್ಗಿದವರು ಹಾಗೇ ಕೂತುಬಿಟ್ಟರು.

ಎಸೆದ ಮಣ್ಣಿನ ಮೇಲೆ ಸಣ್ಣ ಹಸಿರು ಎದ್ದಿತ್ತು. ಎರಡೆರಡು ಎಲೆ, ಕೆಲವಕ್ಕೆ ತಲೆಯ ಮೇಲೆ ಇನ್ನೂ ಬೀಜದ ಸಿಪ್ಪೆ. ಯಾವ ನುಚ್ಚಿನಿಂದ ಹುಟ್ಟಿತೋ, ನಾವು ಬಿಸಾಕಿದ ಮಣ್ಣಿನಲ್ಲಿ ಅದಕ್ಕೆ ಏನು ಸಿಕ್ಕಿತೋ ದೇವರಿಗೇ ಗೊತ್ತು. ಅತ್ತೆ ಅದನ್ನು ಮುಟ್ಟಲಿಲ್ಲ. ಹಣತೆಯನ್ನು ಅದರ ಹತ್ತಿರ ತಂದರು, ಮತ್ತೆ ಬಿಸಿ ತಾಗೀತೆಂದು ದೂರ ಸರಿಸಿದರು. ತಲೆ ಎತ್ತಿ ನನ್ನನ್ನು ನೋಡಿದರು.

"ಇದಾನೆ ಕಣಮ್ಮ" ಅಂದರು.

ನನ್ನನ್ನು ಅಮ್ಮ ಎಂದು ಕರೆದದ್ದು ಅದೇ ಮೊದಲು. ಯಾರು ಇದಾನೆ ಎಂದು ನಾನು ಕೇಳಲಿಲ್ಲ. ತಟ್ಟೆ ಕೆಳಗಿಟ್ಟು ಅವರ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ, ಮದುವೆಯಾದ ಮೇಲೆ ಅಷ್ಟು ಜೋರಾಗಿ ಅತ್ತಿದ್ದು ಅವತ್ತೇ. ಬೆಳಗ್ಗೆ ಭಾವ ಎತ್ತು ಹೊಡೆದುಕೊಂಡು ಬಂದರು, ಆ ಹಸಿರನ್ನು ನೋಡಿದರು, ಎತ್ತು ತಿರುಗಿಸಿಕೊಂಡು ಹೋದರು. ಆ ವಾರದೊಳಗೆ ಮಡಿಯಲ್ಲಿ ಬಿತ್ತಿದ್ದೂ ಹುಟ್ಟಿಕೊಂಡಿತು.

ಹುಟ್ಟಿದ ಮೇಲೆ ಬೇರೆ ಗೋಳು ಶುರುವಾಯಿತು. ಎಲೆ ದೊಡ್ಡದಾಗಿ, ಸುರುಳಿ ಸುರುಳಿಯಾಗಿ, ನೋಡಲು ಚೆಂದವಾಗಿ ಬಂತು. ಅತ್ತೆ ಒಂದೆಲೆ ಕಿತ್ತು ಅಗಿದು ನೋಡಿದರು. ಮುಖ ಹುಳ್ಳಗಾಯಿತು. ನನಗೂ ಕೊಟ್ಟರು. ಕೊತ್ತಂಬರಿಯ ಘಮವಿಲ್ಲ, ಹುಲ್ಲು ತಿಂದ ಹಾಗೆ, ಕೊನೆಯಲ್ಲಿ ಸ್ವಲ್ಪ ಕಹಿ.

"ಇದನ್ನ ಹೆಂಗ್ ತಿಂತಾನೆ ಅವ್ನು" ಎಂದು ಅವತ್ತೆಲ್ಲ ಹಲುಬಿದರು. ಮಾರನೇ ದಿನ ಕಡೆದ ಮಜ್ಜಿಗೆಯ ಪಾತ್ರೆ ಎತ್ತಿಕೊಂಡು ಹೊರಟರು. ಕರಿಬೇವಿಗೆ ಹುಳಿ ಮಜ್ಜಿಗೆಯಿಂದ ಘಮ ಬರುವುದಾದರೆ ಇದಕ್ಕೂ ಬರಬೇಕು. ಬರಲಿಲ್ಲ. ಮಜ್ಜಿಗೆ ಮಾತ್ರ ದಿನಾ ಹೋಯಿತು. ನಾವು ಉಪ್ಪೆಸರಿನಲ್ಲಿ ಮುದ್ದೆ ನುಂಗುತ್ತಿದ್ದರೆ ಮಣ್ಣು ಮಜ್ಜಿಗೆ ಕುಡಿಯುತ್ತಿತ್ತು. ಒಂದು ದಿನ ಕೋಪ ನೆತ್ತಿಗೇರಿ, "ಬಾಯಿ ಇರೋರೂ ಒಬ್ರು ಈ ಮನೇಲಿ ಇದಾರೆ ಅತ್ತೆ" ಅಂದೆ. ಮಾರನೇ ದಿನದಿಂದ ಮಜ್ಜಿಗೆಯಲ್ಲಿ ಒಂದು ಲೋಟ ನನಗೆ, ಮಿಕ್ಕಿದ್ದು ಮಡಿಗೆ. ತಮಗೆ ಇಲ್ಲ.

ವಾರದ ಸಂತೆ ಗಾಡಿಯ ಜೊತೆ ಸೊಪ್ಪೂ ಮಾಲೂರಿಗೆ ಹೋಗುತ್ತಿತ್ತು. ಬಾಳೆನಾರಿನಲ್ಲಿ ಕಟ್ಟಿ, ಒದ್ದೆ ಗೋಣಿತಾಟು ಹೊದಿಸಿ ಕಳಿಸುತ್ತಿದ್ದೆವು. ಎಲ್ಲ ಕಟ್ಟುಗಳ ನಡುವೆ ಒಂದನ್ನು ಅತ್ತೆ ತಾವೇ ಆರಿಸಿ ಕಟ್ಟುತ್ತಿದ್ದರು, ಒಂದು ಹಳದಿ ಎಲೆ ಇರದಂತೆ. ಅದು ಯಾವ ತಟ್ಟೆಗೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬರಬರುತ್ತಾ ಆ ಕಟ್ಟನ್ನು ನಾನೇ ಕಟ್ಟತೊಡಗಿದೆ, ಅವರು ಬಿಟ್ಟುಕೊಟ್ಟರು. ಸೊಪ್ಪು ಹಳೆಯದಾದರೆ ಮೇಸ್ತ್ರಿಯಿಂದ ಮತ್ತೆ ಬೀಜ ಕೇಳಿ ತರಿಸುತ್ತಿದ್ದರು, ಮತ್ತೆ ಗೋಡು, ಮತ್ತೆ ಮಂದೆ, ಮತ್ತೆ ಜರಡಿ. ಅಷ್ಟೆಲ್ಲದರಲ್ಲಿ ಯಾವುದು ಅದಕ್ಕೆ ಹಿಡಿಸಿತು ಎಂದು ಅವರಿಗೂ ಗೊತ್ತಿರಲಿಲ್ಲವಾದ್ದರಿಂದ ಒಂದನ್ನೂ ಬಿಡುವ ಧೈರ್ಯವಿರಲಿಲ್ಲ.

ಯುದ್ಧ ಮುಗಿಯಿತೆಂದರು. ಮೇಸ್ತ್ರಿ ಬರುವುದು ನಿಂತಿತು. ಭಾವ ಮತ್ತೆ ಆಲೂಗೆಡ್ಡೆಯ ಮಾತೆತ್ತಿದರೆ ಅತ್ತೆ, "ಅವ್ನು ಬರ್ಲಿ. ಅಭ್ಯಾಸ ಆಗಿರೋ ಸೊಪ್ಪು, ಬಂದ ತಕ್ಷಣ ಕೇಳ್ತಾನೆ" ಅಂದರು. ಯಜಮಾನರು ಬಂದರು. ಒಂದು ಬೆಳಗ್ಗೆ ಬೂಟು ಹಾಕಿಕೊಂಡು, ತಗಡಿನ ಪೆಟ್ಟಿಗೆ ಹೊತ್ತುಕೊಂಡು, ಮೊನ್ನೆ ಹೋದವರ ಹಾಗೆ ಅಂಗಳಕ್ಕೆ ಬಂದು, "ಎಮ್ಮೆ ಎಲ್ಲಿ?" ಅಂದರು. ನನಗೆ ಒಳಗೆ ಓಡಬೇಕೋ ಹೊರಗೆ ಬರಬೇಕೋ ತಿಳಿಯದೆ ಹೊಸ್ತಿಲ ಮೇಲೇ ನಿಂತಿದ್ದೆ.

ಅವತ್ತು ಕೋಳಿ ಕುಯ್ದರು. ಸಾರು ಬಡಿಸಿದ ಮೇಲೆ ಅತ್ತೆ ಮಡಿಯಿಂದ ಕಿತ್ತು ತಂದ ಸೊಪ್ಪನ್ನು ಮಗನ ತಟ್ಟೆಯ ಮೇಲೆ ಉದುರಿಸಿದರು, ದೊರೆಗಳಿಗೆ ಉದುರಿಸುವ ಹಾಗೆ. ಉದುರಿಸಿ ಎದುರಿಗೆ ಕೂತರು. ನಾನು ಕಂಬದ ಹಿಂದೆ. ಯಜಮಾನರು ಮುದ್ದೆ ಮುರಿದರು, ಸಾರಿಗೆ ಅದ್ದಿದರು, ಆ ಸೊಪ್ಪನ್ನು ಒಂದೊಂದಾಗಿ ಹೆಬ್ಬೆರಳಿನಲ್ಲಿ ತಟ್ಟೆಯ ಅಂಚಿಗೆ ತಳ್ಳುತ್ತಾ ಉಂಡರು, ಕರಿಬೇವನ್ನು ತಳ್ಳುವ ಹಾಗೆ. ಅಷ್ಟು ವರ್ಷದ ಮಣ್ಣು, ಅಷ್ಟು ಮಜ್ಜಿಗೆ, ಎಲ್ಲ ಆ ತಟ್ಟೆಯ ಅಂಚಿಗೆ ಹೋಗಿ ಕೂತಿತ್ತು.

ಅತ್ತೆ ಬಹಳ ಹೊತ್ತು ನೋಡಿದರು.

"ಅಲ್ಲೂ ಹಿಂಗೇ ತಳ್ತಿದ್ಯೇನೋ?" ಅಂದರು.

"ಹೂಂ" ಅಂದರು ಯಜಮಾನರು, ಬಾಯಿ ತುಂಬ ಮುದ್ದೆ.

"ನೋಡ್ದಾ? ಎಲ್ಲಾ ದಂಡ" ಎಂದು ನನ್ನ ಕಡೆ ತಿರುಗಿ ನಕ್ಕರು. ಸಿಟ್ಟೂ ಇತ್ತು, ಸಂತೋಷವೂ ಇತ್ತು. ಸೊಪ್ಪು ಹೋಗಿ ಸೇರಿತ್ತಲ್ಲ, ಅವನು ತಿನ್ನದಿದ್ದರೆ ಅದು ಅವನ ಸೊಕ್ಕು.

ಆಮೇಲೆ ನಾನು ಯಜಮಾನರನ್ನು ಕೇಳಿದೆ, ನಿಜವಾಗಿ ಅಲ್ಲಿ ಆ ಸೊಪ್ಪು ಕೊಡುತ್ತಿದ್ದರೇ ಅಂತ. "ಯಾವ ಸೊಪ್ಪು?" ಅಂದರು. "ಡಬ್ಬದ ಕಾಳು, ಹುಳ ಬಿದ್ದ ಹಿಟ್ಟು ತಿಂದಿದೀನಿ. ಹಸ್ರು ಅಂತ ತಟ್ಟೇಲಿ ಕಂಡೇ ಇಲ್ಲ." ಹಾಗಾದರೆ ಹೂಂ ಅಂದದ್ದು ಯಾಕೆ? "ಅಮ್ಮ ಏನ್ ಕೇಳಿದ್ರೂ ಹೂಂ ಅನ್ನೋದೇ ಅಲ್ವಾ." ನಾನು ಆಗ ಎಲ್ಲವನ್ನೂ ಹೇಳಿದೆ. ಎಕ್ಕಡ, ಹಣತೆ, ಬೇರೆ ಕಟ್ಟಿದ ಕಟ್ಟು, ಎಲ್ಲ. ಅವರು ಎದ್ದು ಹೊರಗೆ ಹೋಗಿ ಎಮ್ಮೆಗೆ ಹುಲ್ಲು ಹಾಕಿದರು.

ಅತ್ತೆಗೆ ಏನು ತಿಳಿದಿತ್ತೋ ನನಗೆ ಗೊತ್ತಿಲ್ಲ. ಮಡಿಯನ್ನು ಅವರು ಆಮೇಲೂ ಬಿಡಲಿಲ್ಲ. ಒಂದು ದಿನ ಇಬ್ಬರೂ ಕಳೆ ಕೀಳುತ್ತಿದ್ದಾಗ ಇದ್ದಕ್ಕಿದ್ದ ಹಾಗೆ, "ಯಾರೋ ತಿಂದ್ರು ಬಿಡಮ್ಮ. ಮಣ್ಣಂತೂ ಚೆನ್ನಾಯ್ತು" ಅಂದರು. ನಾನು ಕೈ ನಿಲ್ಲಿಸಿ ಅವರ ಮುಖ ನೋಡಿದೆ. ಅವರು ಕಳೆ ಕೀಳುತ್ತಲೇ ಇದ್ದರು. ಮಗ ಹೇಳಿಬಿಟ್ಟಿದ್ದನೋ, ಮೊದಲಿನಿಂದಲೇ ಗೊತ್ತಿತ್ತೋ, ಸುಮ್ಮನೆ ಬಾಯಿಗೆ ಬಂದ ಮಾತೋ? ಈ ವಯಸ್ಸಿನಲ್ಲೂ ಅದನ್ನು ಯೋಚಿಸುತ್ತೇನೆ, ಬಗೆಹರಿಯುವುದಿಲ್ಲ. ಒಂದು ಮಾತ್ರ ಗೊತ್ತು. ಆ ಮಡಿ ಇರದಿದ್ದರೆ ಆ ವರ್ಷಗಳನ್ನು ಕಳೆಯಲು ನನ್ನಿಂದ ಆಗುತ್ತಿರಲಿಲ್ಲ. ಕಾಯುವುದನ್ನು ಕೈಯಲ್ಲಿ ಮಾಡುವ ಕೆಲಸವನ್ನಾಗಿ ಅವರು ನನಗೆ ಕೊಟ್ಟರು. ಆ ಋಣ ದೊಡ್ಡದು.

ಮಗ ಬಂದ ಎರಡನೇ ಚಳಿಗಾಲದಲ್ಲಿ ಅತ್ತೆ ಹೋದರು. ಬೆಳಗ್ಗೆ ತಿಪ್ಪೆಗೆ ಕೈ ಹಾಕಿ, ಜ್ವರ ಬಿಟ್ಟಿದೆ ಅಂತ ಹೇಳಿ, ಜಗುಲಿಯ ಮೇಲೆ ಒರಗಿದವರು ಏಳಲಿಲ್ಲ. ಕಡಗ ಮೊಳಕೈ ಮೇಲೇ ಇತ್ತು, ನಾನೇ ಕೆಳಕ್ಕೆ ಇಳಿಸಿದೆ.

ಮಣ್ಣು ಮಾಡಿದಲ್ಲಿ ಹಾಲುತುಪ್ಪ ಬಿಟ್ಟ ಮಾರನೇ ದಿನ ಮಜ್ಜಿಗೆ ಕಡೆದು, ಎಂದಿನ ಹಾಗೆ ಪಾತ್ರೆ ಹಿಡಿದು ಬಾವಿಯ ಹತ್ತಿರ ಹೋದೆ. ಯಜಮಾನರು ಮಡಿಯೊಳಗೆ ಕುಕ್ಕರುಗಾಲಲ್ಲಿ ಕೂತಿದ್ದರು. ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ. ಒಂದು ಎಲೆ ಕಿತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು, ನುಂಗಿದರು. ಆಮೇಲೆ ನನ್ನನ್ನು ನೋಡಿದರು.

"ಚೆನ್ನಾಗಿಲ್ಲ" ಅಂದರು.

"ಗೊತ್ತು" ಅಂದೆ.

ಇನ್ನೊಂದು ಎಲೆ ಕಿತ್ತುಕೊಂಡರು. ನಾನು ಮಜ್ಜಿಗೆ ಹೊಯ್ದೆ.